ಕೊನೆಯ ಆಟದಲ್ಲಿ ಬಟನ್ ಯಾರ ಮುಂದಿದೆ?

ಗೋವಾದ ಮಾಂಡೋವಿ ನದಿಯಲ್ಲಿ ನಿಂತಿರುವ ಒಂದು ಕ್ಯಾಸಿನೊ ಹಡಗಿನಲ್ಲಿ ನಾನು ಆರು ವರ್ಷ ಡೀಲರ್ ಆಗಿದ್ದೆ. ಈಗ ಮೂಡಿಗೆರೆ ಹತ್ತಿರ ನಮ್ಮ ತೋಟ ನೋಡಿಕೊಳ್ಳುತ್ತಿದ್ದೇನೆ. ಕಳೆದ ತಿಂಗಳು ಮಳೆ ಹಿಡಿದು ಕೂತಿದ್ದಾಗ ಚಿಕ್ಕಪ್ಪನ ಮಗ ಮನೆಗೆ ಬಂದ. ಜೊತೆಗೆ ಪಕ್ಕದ ತೋಟದಲ್ಲಿ ಲೆಕ್ಕ ಬರೆಯುವ ರೈಟರ ಮಗಳು. ಇಬ್ಬರಿಗೂ ಗೋವಾದಲ್ಲಿ ಡೀಲರ್ ಕೆಲಸ ಸಿಕ್ಕಿದೆ. "ಎಲೆ ಹಂಚೋದು ಅಲ್ಲೇ ಕಲಿಸ್ತಾರಂತೆ ಅಣ್ಣ. ಅವರು ಹೇಳಿಕೊಡದೇ ಇರೋದು ಏನಾದ್ರೂ ಇದ್ರೆ ನೀನು ಹೇಳು" ಅಂದ.

ನಾನು ಅವರಿಗೆ ನನ್ನ ಒಂದು ತಪ್ಪಿನ ಬಗ್ಗೆ ಹೇಳಿದೆ. ಈ ಕೆಲಸಕ್ಕೆ ಹೋಗುವ ಬೇರೆಯವರಿಗೂ ಬೇಕಾಗಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮಾಮೂಲಿ ಬ್ಲ್ಯಾಕ್‌ಜಾಕ್‌ನಲ್ಲಿ ಆಟಗಾರ ಕ್ಯಾಸಿನೊ ವಿರುದ್ಧ ಆಡುತ್ತಾನೆ. ಅವನ ಎಲೆಗಳ ಮೊತ್ತ 21 ದಾಟದೆ ಡೀಲರ್‌ನದ್ದಕ್ಕಿಂತ ಜಾಸ್ತಿ ಇದ್ದರೆ ಗೆದ್ದ, 21 ದಾಟಿದರೆ ಸೋತ. ಟೂರ್ನಮೆಂಟ್ ಹಾಗಲ್ಲ. ಎಲ್ಲರಿಗೂ ಒಂದೇ ಲೆಕ್ಕದ ಚಿಪ್ಸ್, ಅಂದರೆ ಪಣಕ್ಕೆ ಇಡುವ ಬಿಲ್ಲೆ, ಕೊಡುತ್ತಾರೆ. ಒಂದು ಸುತ್ತಿನಲ್ಲಿ ಇಷ್ಟು ಆಟ ಅಂತ ಮೊದಲೇ ಗೊತ್ತಿರುತ್ತದೆ. ಅದು ಮುಗಿದಾಗ ಯಾರ ಹತ್ತಿರ ಜಾಸ್ತಿ ಇದೆಯೋ ಅವರು ಮುಂದಿನ ಸುತ್ತಿಗೆ. ಡೀಲರನ್ನು ಸೋಲಿಸಿದರೆ ಸಾಲದು, ಪಕ್ಕದವನಿಗಿಂತ ಒಂದು ಚಿಪ್ ಆದರೂ ಮುಂದಿರಬೇಕು. ಯಾರು ಮೊದಲು ಪಣ ಇಡಬೇಕು ಅನ್ನುವುದಕ್ಕೆ ಮೇಜಿನ ಮೇಲೆ ಒಂದು ಬಟನ್ ಇರುತ್ತದೆ. ಪ್ರತಿ ಆಟಕ್ಕೆ ಅದು ಒಬ್ಬರಿಂದ ಮುಂದಿನವರಿಗೆ ಸರಿಯುತ್ತದೆ. ಸರಿಸುವವನು ಡೀಲರ್.

ನಾನು ತಪ್ಪು ಮಾಡಿದ ದಿನ, ಅಂಥ ಒಂದು ಟೂರ್ನಮೆಂಟ್‌ನಲ್ಲಿ, ಕೊನೆಯ ಆಟದ ಮೊದಲು ಎಲೆ ಕಲೆಸಬೇಕಾಯಿತು. ಕಲೆಸುವಾಗ ಬಟನ್ ಸರಿಸಿದ್ದೆ. ಕಲೆಸಿ ಮುಗಿದ ಮೇಲೆ ಮರೆತು ಇನ್ನೊಂದು ಸಲ ಸರಿಸಿದೆ. ಮೇಜಿನಲ್ಲಿ ಉಳಿದಿದ್ದವರು ಇಬ್ಬರೇ. ಒಬ್ಬ ಮೇಡಂ ಹತ್ತಿರ 6000, ಎದುರಾಳಿ ಹತ್ತಿರ 5200. ಮೊದಲು ಇಡಬೇಕಾದವರು ಎದುರಾಳಿ. ನನ್ನ ಕೈತಪ್ಪಿನಿಂದ ಬಟನ್ ಮೇಡಂ ಮುಂದೆ ಬಂತು. ಅವರು 4500 ಇಟ್ಟರು. ಎದುರಾಳಿ ಅದನ್ನು ನೋಡಿ, ಸುಮ್ನೆ 100 ಇಟ್ಟರು.

ಇದರಲ್ಲಿ ಏನು ದೊಡ್ಡ ವಿಷಯ ಅಂತ ಇಬ್ಬರೂ ಕೇಳಿದರು. ಒಳಗಿಂದ ಒಂದು ಪಾವು ಕಾಫಿ ಬೀಜ ತಂದೆ. ನಮ್ಮಲ್ಲಿ ದುಡ್ಡು ಕಟ್ಟಿ ಜೂಜಾಡುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆ ಪ್ರಕಾರ ಅಪರಾಧ. ಹಾಗಾಗಿ ನಮ್ಮ ಮನೆಯ ಮೇಜಿನ ಮೇಲೆ ಬರೀ ಬೀಜ. ಒಂದು ಬೀಜ ಅಂದರೆ 100. ಹುಡುಗಿಗೆ 60, ತಮ್ಮನಿಗೆ 52. ಪಣ ಕನಿಷ್ಠ 1, ಗರಿಷ್ಠ 50.

ಮೊದಲು ಸರಿಯಾದ ಸರದಿಯಲ್ಲಿ ಆಡಿಸಿದೆ. ತಮ್ಮ ಮೊದಲು ಇಡಬೇಕು. ಅವನು 50 ಇಟ್ಟ. "ಈಗ ನೀನು ಎಷ್ಟು ಇಡ್ತೀಯಾ?" ಅಂತ ಹುಡುಗಿಯನ್ನು ಕೇಳಿದೆ. ತುಂಬಾ ಹೊತ್ತು ಲೆಕ್ಕ ಹಾಕಿ 45 ಅಂದಳು. ಸರಿಯಾದ ಉತ್ತರ. ಇಬ್ಬರೂ ಗೆದ್ದರೆ ಅವಳಿಗೆ 105, ಅವನಿಗೆ 102. ಡಬಲ್ ಅಂದರೆ ಪಣ ಹೆಚ್ಚಿಸಿ ಇನ್ನೊಂದೇ ಎಲೆ ತಗೊಳ್ಳುವುದು. ಅವನು ಉಳಿದ 2 ಬೀಜವನ್ನೂ ಡಬಲ್‌ಗೆ ಸೇರಿಸಿದರೂ 104. ಇಬ್ಬರೂ ಸೋತರೆ ಅವಳ ಹತ್ತಿರ 15 ಉಳಿಯುತ್ತದೆ, ಅವನ ಹತ್ತಿರ 2. ಅವನ ಫಲಿತಾಂಶ ಅವಳದ್ದಕ್ಕಿಂತ ಮೇಲಾದರೆ ಮಾತ್ರ ಅವಳಿಗೆ ತೊಂದರೆ, ಮುಖ್ಯವಾಗಿ ಅವನು ಗೆದ್ದು ಅವಳು ಸೋತಾಗ. ಬ್ಲ್ಯಾಕ್‌ಜಾಕ್, ಅಂದರೆ ಮೊದಲ ಎರಡು ಎಲೆಗೇ 21, ಬಿದ್ದರೆ ಒಂದೂವರೆ ಪಟ್ಟು ಸಿಗುತ್ತದೆ, ಅದು ಬೇರೆ ಮಾತು. ಸುಮಾರು 21 ಆಟಕ್ಕೆ ಒಂದು ಸಲ ಬರುವಂಥದ್ದು.

ಇಬ್ಬರ ಎದುರೂ ಇರುವುದು ಒಬ್ಬನೇ ಡೀಲರ್, ಅವನ ಅದೇ ಎಲೆಗಳು. ಡೀಲರ್ 100ರಲ್ಲಿ ಸುಮಾರು 28 ಸಲ 21 ದಾಟುತ್ತಾನೆ. ಆಗ 21 ದಾಟದೆ, ಇನ್ನು ಎಲೆ ಬೇಡ ಅಂತ ನಿಂತವರೆಲ್ಲ ಗೆಲ್ಲುತ್ತಾರೆ. ಅವನಿಗೆ 20 ಬಂದರೆ ಹೆಚ್ಚಿನವರೆಲ್ಲ ಸೋಲುತ್ತಾರೆ. ಒಬ್ಬ ಗೆದ್ದು ಇನ್ನೊಬ್ಬ ಸೋಲುವುದು ನಾವು ಅಂದುಕೊಂಡಷ್ಟು ಸಲ ಆಗಲ್ಲ. ಮುಂದಿರುವವರಿಗೆ ಬೇಕಾದದ್ದೂ ಅದೇ.

ಆಮೇಲೆ ಬಟನ್ ಅಂತ ಇಟ್ಟಿದ್ದ ಬಾಟಲಿ ಮುಚ್ಚಳವನ್ನು ಹುಡುಗಿ ಮುಂದೆ ಇಟ್ಟೆ. ಅವಳು ಅದೇ 45 ಇಟ್ಟಳು. ತಮ್ಮ ಒಂದೇ ಬೀಜ ಇಟ್ಟ. ಈಗ ಅವಳು ಸೋತರೆ ಸಾಕು, ಅವನು ಮುಂದೆ ಹೋಗುತ್ತಾನೆ. ಬ್ಲ್ಯಾಕ್‌ಜಾಕ್‌ನಲ್ಲಿ ಯಾರೇ ಆದರೂ ಹತ್ತಿರತ್ತಿರ ಅರ್ಧ ಆಟ ಸೋಲುತ್ತಾರೆ. "ಹಂಗಾದ್ರೆ ನಾನೂ ಒಂದೇ ಇಡ್ತೀನಿ" ಅಂದಳು. ಇಡಬಹುದು. ಆದರೆ ತಮ್ಮ ಆಗ 10 ಇಡುತ್ತಾನೆ. ಗೆದ್ದರೆ ಅವನು 62, ಅವಳು 61. ಬೀಜ ಅಷ್ಟೇ ಇದೆ, ಅಂತರವೂ ಅಷ್ಟೇ. ಸರದಿ ಬದಲಾಯಿತು, ಅಷ್ಟಕ್ಕೇ ಅವಳ ಅನುಕೂಲವೆಲ್ಲ ಅವನ ಕಡೆ ಹೋಯಿತು.

ಎಲೆ ಆಡುವ ವಿಷಯದಲ್ಲೂ ಕೊನೆಯಲ್ಲಿ ಮಾಮೂಲಿ ಬುದ್ಧಿ ನಡೆಯಲ್ಲ. ಇಬ್ಬರೂ 10 ಬೀಜ ಇಟ್ಟಿದ್ದಾರೆ, ಅವಳಿಗೆ 19 ಬಂದಿದೆ, ತಮ್ಮನಿಗೆ 18 ಅಂತ ಇಟ್ಟುಕೊಳ್ಳಿ. "18 ಇದ್ದಾಗ ಎಲೆ ತಗೊಳ್ಳೋನು ದಡ್ಡ ಅಲ್ವಾ?" ಅಂದ ತಮ್ಮ. ಬೇರೆ ದಿನ ಹೌದು. ಇಲ್ಲಿ ನಿಂತರೆ ಅವನಿಗೆ ದಾರಿಯೇ ಇಲ್ಲ. ಅವನ 18 ಗೆಲ್ಲುವಾಗಲೆಲ್ಲ ಅವಳ 19 ಕೂಡ ಗೆದ್ದಿರುತ್ತದೆ. ಅವಳನ್ನು ಸೋಲಿಸುವ ಡೀಲರ್ ಅವನನ್ನೂ ಸೋಲಿಸುತ್ತಾನೆ. ಅವನು ಡಬಲ್ ಮಾಡಬೇಕು. ಎಕ್ಕ, ಎರಡು ಅಥವಾ ಮೂರು ಬಂದರೆ ಮಾತ್ರ ಉಳಿಯುತ್ತಾನೆ. 13ರಲ್ಲಿ 3 ಅವಕಾಶ. ಆಮೇಲೆ ಡೀಲರ್ 21 ದಾಟಿದರೆ ಅವನಿಗೆ 72, ಅವಳಿಗೆ 70. ಇಂಥ ಡಬಲ್ ನೋಡಿ ಮೇಜಿನ ಸುತ್ತ ನಿಂತವರು ನಗುತ್ತಾರೆ. ಡೀಲರ್ ನಗಬಾರದು, ಮುಖದಲ್ಲಿ ಆಶ್ಚರ್ಯವನ್ನೂ ತೋರಿಸಬಾರದು.

ಅವತ್ತು ಹಡಗಿನಲ್ಲಿ ಆ ಮೇಡಂಗೆ 16 ಬಂತು. ನನ್ನ ಮುಂದೆ 9 ತೆರೆದಿತ್ತು. ಅವರು ಎಲೆ ಕೇಳಿದರು, ರಾಜ ಬಿದ್ದ, 26 ಆಗಿ ಸೋತರು. ಸುತ್ತು ಮುಗಿದ ಮೇಲೆ ಅವರು ಬಟನ್ ನೋಡಿ, "ಇದು ಅವರ ಮುಂದೆ ಇರಬೇಕಿತ್ತಲ್ವಾ?" ಅಂತ ಮೆಲ್ಲಗೆ ಕೇಳಿದರು. ಕ್ಯಾಮೆರಾದಲ್ಲಿ ನೋಡಿದಾಗ ತಪ್ಪು ನನ್ನದೇ ಅಂತ ಗೊತ್ತಾಯಿತು. ಆದರೆ ಎಲೆ ಬಿದ್ದ ಮೇಲೆ ಆಟ ಹಿಂದಕ್ಕೆ ಹೋಗಲ್ಲ ಅನ್ನುವುದು ನಮ್ಮಲ್ಲಿನ ನಿಯಮ. ಕ್ಷಮೆ ಕೇಳಿದೆ. ಅವರು ಒಂದು ಮಾತೂ ಜೋರಾಗಿ ಆಡಲಿಲ್ಲ. ಅದಕ್ಕೇ ನನಗೆ ಇನ್ನೂ ಜಾಸ್ತಿ ನೋವಾಯಿತು.

ಅವತ್ತಿನವರೆಗೆ ನನಗೆ ಬಟನ್ ಅಂದರೆ ಒಂದು ಪ್ಲಾಸ್ಟಿಕ್ ಬಿಲ್ಲೆ. ಎಲೆ ಚೆನ್ನಾಗಿ ಹಂಚುತ್ತಿದ್ದೆ, ಕೈ ಚುರುಕಾಗಿತ್ತು. ಆದರೆ ಕೊನೆಯ ಆಟಗಳಲ್ಲಿ ಆಟಗಾರರ ತಲೆಯಲ್ಲಿ ಏನು ಓಡುತ್ತದೆ ಅಂತ ಗೊತ್ತಿರಲಿಲ್ಲ. ಆಮೇಲೆ ಅಭ್ಯಾಸ ಬದಲಿಸಿಕೊಂಡೆ. ಕೊನೆಯ ಐದು ಆಟ ಬಂದಾಗ ನಿಧಾನ ಮಾಡುತ್ತಿದ್ದೆ. ಎಲ್ಲರ ಚಿಪ್ಸ್ ಎಣಿಸಲು ಆಗುವ ಹಾಗೆ ಬಣ್ಣ ಬಣ್ಣ ಬೇರೆ ಮಾಡಿ ಜೋಡಿಸಲು ಹೇಳುತ್ತಿದ್ದೆ. ದೊಡ್ಡ ಚಿಪ್ ಹಿಂದೆ ಬಚ್ಚಿಟ್ಟುಕೊಂಡವರಿಗೆ ಮುಂದೆ ಇಡಿ ಅನ್ನುತ್ತಿದ್ದೆ. ಬಟನ್ ಸರಿಸುವಾಗ ಯಾರ ಸರದಿ ಅಂತ ಜೋರಾಗಿ ಹೇಳುತ್ತಿದ್ದೆ. ಲೆಕ್ಕ ಹಾಕುತ್ತಿರುವವರನ್ನು ಅವಸರ ಮಾಡುತ್ತಿರಲಿಲ್ಲ. ಎಷ್ಟು ಸಮಯ ಅಂತ ನಿಯಮ ಇದೆಯೋ ಅಷ್ಟೂ ಅವರದ್ದೇ.

ಸಂಜೆ ಅಮ್ಮ ಎರಡನೇ ಸಲ ಕಾಫಿ ತಂದಾಗಲೂ ಅವರಿಬ್ಬರ ಆಟ ಮುಗಿದಿರಲಿಲ್ಲ. ಎಲೆ ಹಂಚುತ್ತಿದ್ದವನು ನಾನು. ಬೇಕಂತಲೇ ಮುಚ್ಚಳವನ್ನು ಎರಡು ಸಲ ಸರಿಸಿದೆ. ಹುಡುಗಿ ಬೀಜದ ಮೇಲಿಟ್ಟ ಕೈ ತೆಗೆಯಲೇ ಇಲ್ಲ. "ನಿಲ್ಲಿ ಅಣ್ಣ" ಅಂದಳು. "ಈ ಸಲ ಮೊದಲು ಇಡಬೇಕಾದವನು ಅವನು."