ಕಪ್ಪುಬಿಳುಪು ಚಿತ್ರಕ್ಕೊಂದು ಪ್ರಿಂಟರ್: ಬೂದು ಶಾಯಿಯ ಲೆಕ್ಕ

ಕಪ್ಪುಬಿಳುಪು ಛಾಯಾಚಿತ್ರಗಳನ್ನು ಮನೆಯಲ್ಲೇ ಮುದ್ರಿಸಬೇಕೆಂದು ಇಂಕ್‌ಜೆಟ್ ಪ್ರಿಂಟರ್ ಹುಡುಕಲು ಹೊರಟವರಿಗೆ ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವುದು ಡಿಪಿಐ (ಅಂಗುಲಕ್ಕೆ ಎಷ್ಟು ಚುಕ್ಕೆ ಎಂಬ) ಸಂಖ್ಯೆ, ಮುದ್ರಣದ ವೇಗ ಮತ್ತು ಪುಟವೊಂದಕ್ಕೆ ತಗಲುವ ಖರ್ಚು. ಈ ಮೂರರಿಂದಲೂ ನಮ್ಮ ಕೆಲಸಕ್ಕೆ ಹೆಚ್ಚಿನ ಪ್ರಯೋಜನವಿಲ್ಲ. ಯಂತ್ರದೊಳಗೆ ಕಪ್ಪಿನ ಜೊತೆಗೆ ಬೂದು ಶಾಯಿ ಎಷ್ಟು ಬಗೆಯದಿದೆ ಎಂಬುದನ್ನೇ ಮೊದಲು ಕೇಳಬೇಕು. ಬೆಂಗಳೂರಿನಲ್ಲಿ ಸ್ನೇಹಿತರ ಮನೆಗಳಲ್ಲಿ ಮತ್ತು ಮುದ್ರಣ ಮಾಡಿಕೊಡುವ ಸ್ಟುಡಿಯೋಗಳಲ್ಲಿ ಒಂದೇ ಚಿತ್ರವನ್ನು ಬೇರೆ ಬೇರೆ ಯಂತ್ರಗಳಿಂದ ತೆಗೆಸಿ, ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ನನಗೆ ಖಚಿತವಾದದ್ದು ಇದು.

ಸಾಮಾನ್ಯ ಪ್ರಿಂಟರುಗಳಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳಿರುತ್ತವೆ. ಫೋಟೋ ಪ್ರಿಂಟರ್ ಎಂದು ಮಾರುವ ಎಷ್ಟೋ ಆರು ಬಣ್ಣದ ಯಂತ್ರಗಳಲ್ಲಿ ಇವುಗಳಿಗೆ ತಿಳಿ ಸಯಾನ್ ಮತ್ತು ತಿಳಿ ಮಜೆಂಟಾ ಸೇರಿಕೊಂಡಿರುತ್ತವೆ, ಅಷ್ಟೆ. ಇಂಥ ಯಂತ್ರಕ್ಕೆ ಬೂದು ಬೇಕಾದಾಗ ಇರುವುದು ಎರಡು ದಾರಿ. ಒಂದೋ ಕಪ್ಪು ಶಾಯಿಯ ಹನಿಗಳನ್ನು ಬಿಡಿಬಿಡಿಯಾಗಿ ಸಿಂಪಡಿಸಬೇಕು. ಆಗ ಮೋಡದ ಮೇಲೆ, ಮುಖದ ಕೆನ್ನೆಯ ಮೇಲೆ ಮರಳು ಚೆಲ್ಲಿದಂತೆ ಚುಕ್ಕೆಗಳು ಕಾಣುತ್ತವೆ. ಇಲ್ಲವೇ ಮೂರು ಬಣ್ಣಗಳನ್ನು ಸಮನಾಗಿ ಬೆರೆಸಿ ಬೂದನ್ನು ಉಂಟುಮಾಡಬೇಕು. ಯಂತ್ರಗಳು ಹೆಚ್ಚಾಗಿ ಎರಡನೆಯದರತ್ತಲೇ ವಾಲುತ್ತವೆ, ಮತ್ತು ಹಾಗೆ ಹುಟ್ಟಿದ ಬೂದು ಬೆಳಕು ಬದಲಾದ ಕೂಡಲೇ ತನ್ನ ಬಣ್ಣವನ್ನೂ ಬದಲಿಸುತ್ತದೆ. ಮುದ್ರಣದವರು ಇದನ್ನು ಮೆಟಾಮೆರಿಸಂ ಎನ್ನುತ್ತಾರೆ. ಹಂಪಿಯ ಹೇಮಕೂಟದ ಬಂಡೆಗಳ ಚಿತ್ರವೊಂದನ್ನು ನಾನು ಪರೀಕ್ಷೆಗೆ ಬಳಸುತ್ತಿದ್ದೆ. ಬೂದು ಶಾಯಿಯೇ ಇಲ್ಲದ ಯಂತ್ರದಿಂದ ಬಂದ ಪ್ರತಿ ಕಿಟಕಿಯ ಬೆಳಕಿನಲ್ಲಿ ಒಪ್ಪವಾಗಿಯೇ ಇತ್ತು. ಎಲ್‌ಇಡಿ ಟ್ಯೂಬಿನ ಕೆಳಗೆ ಹಿಡಿದಾಗ ಬಂಡೆಯ ನೆರಳಿನ ಭಾಗಕ್ಕೆ ಹಸಿರು ಛಾಯೆ ಏರಿತು, ಹಳದಿ ಬಲ್ಬಿನ ಹತ್ತಿರ ಅದೇ ಭಾಗ ನಸುಗೆಂಪಾಯಿತು. ಹತ್ತು ಪಟ್ಟು ಹಿಗ್ಗಿಸುವ ಮಸೂರವನ್ನಿಟ್ಟು ನೋಡಿದರೆ ಕಾರಣ ಅಲ್ಲೇ ಕಾಣುತ್ತಿತ್ತು: ಬೂದು ಎಂದುಕೊಂಡ ಜಾಗದ ತುಂಬ ನೀಲಿ, ಕೆಂಪು, ಹಳದಿಯ ಸಣ್ಣ ಸಣ್ಣ ಹನಿಗಳು. ಎರಡು ಬಗೆಯ ಬೂದು ಶಾಯಿಯುಳ್ಳ ಯಂತ್ರದ ಪ್ರತಿಯಲ್ಲಿ ಅದೇ ಜಾಗದಲ್ಲಿದ್ದದ್ದು ಬಹುಪಾಲು ಬೂದಿನ ಹನಿಗಳೇ, ನಡುನಡುವೆ ಎಲ್ಲೋ ಒಂದೊಂದು ಬಣ್ಣದ ಹನಿ.

ನಮ್ಮ ಜನರ ಚಿತ್ರ ತೆಗೆಯುವವರಿಗೆ ಈ ವ್ಯತ್ಯಾಸ ಇನ್ನಷ್ಟು ಮುಖ್ಯವಾಗುತ್ತದೆ. ಬಿಸಿಲಿನಲ್ಲಿ ದುಡಿಯುವವರ ಮುಖ, ಕೈಗಳೆಲ್ಲ ನಡುಬೂದಿನಿಂದ ಗಾಢಬೂದಿನವರೆಗಿನ ವ್ಯಾಪ್ತಿಯಲ್ಲಿ ಬರುತ್ತವೆ. ಮೈಸೂರಿನ ಟಿ.ಎಸ್. ಸತ್ಯನ್ ಅವರು ಜೀವಮಾನವಿಡೀ ತೆಗೆದ ಸಾಮಾನ್ಯ ಜನರ ಕಪ್ಪುಬಿಳುಪು ಚಿತ್ರಗಳನ್ನು ನೋಡಿದವರಿಗೆ ಈ ವ್ಯಾಪ್ತಿಯಲ್ಲಿ ಎಷ್ಟು ವಿವರ ಅಡಗಿರುತ್ತದೆಂಬುದು ಗೊತ್ತು. ಅಲ್ಲಿ ಬೂದಿನ ಮೆಟ್ಟಿಲುಗಳು ಒಂದಕ್ಕೊಂದು ಅಂಟಿಕೊಂಡರೆ ಮುಖ ಮುಖವಾಗಿ ಉಳಿಯುವುದಿಲ್ಲ.

ಇಂಕ್‌ಜೆಟ್ಟನ್ನು ಕಲಾಮುದ್ರಣಕ್ಕೆ ತಂದ ಮೊದಲಿಗರಲ್ಲಿ ಗಾಯಕ ಗ್ರಹಾಂ ನ್ಯಾಶ್ ಒಬ್ಬರು, ಮತ್ತು ಅವರಿಗೆ ಅದು ಬೇಕಾಗಿದ್ದದ್ದು ತಾವೇ ತೆಗೆದ ಕಪ್ಪುಬಿಳುಪು ಭಾವಚಿತ್ರಗಳಿಗಾಗಿ. 1991ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್‌ನಲ್ಲಿ ಅವರು ತೆರೆದ ನ್ಯಾಶ್ ಎಡಿಷನ್ಸ್ ಮುದ್ರಣಾಲಯದ ಐರಿಸ್ ಎಂಬ ಇಂಕ್‌ಜೆಟ್ ಪ್ರಿಂಟರ್ ಈಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಆ ಕಾಲದ ಐರಿಸ್ ಶಾಯಿಗಳು ಡೈ ಜಾತಿಯವು. ಮುದ್ರಣ ಸೊಗಸಾಗಿ ಬಂದರೂ ಬೆಳಕಿಗೆ ಬೇಗ ಮಾಸುತ್ತಿದ್ದವು. ಡೈ ಎಂದರೆ ದ್ರವದಲ್ಲಿ ಪೂರ್ತಿ ಕರಗಿದ ಬಣ್ಣ. ಪಿಗ್ಮೆಂಟ್ ಎಂದರೆ ದ್ರವದಲ್ಲಿ ತೇಲುವ ಅತಿ ಸಣ್ಣ ಬಣ್ಣದ ಕಣ. ಕಪ್ಪು ಪಿಗ್ಮೆಂಟ್ ಬಹುಮಟ್ಟಿಗೆ ಇಂಗಾಲವೇ ಆದ್ದರಿಂದ ಬೆಳಕಿಗೂ ಗಾಳಿಗೂ ಅದು ಸುಲಭವಾಗಿ ಜಗ್ಗುವುದಿಲ್ಲ. 2005ರಲ್ಲಿ ಎಪ್ಸನ್ ಸಂಸ್ಥೆ ಅಲ್ಟ್ರಾಕ್ರೋಮ್ ಕೆ3 ಎಂಬ ಪಿಗ್ಮೆಂಟ್ ಶಾಯಿಗಳ ಜೊತೆ ಕಪ್ಪನ್ನು ಮೂರು ಸಾಂದ್ರತೆಗಳಲ್ಲಿ ಕೊಟ್ಟು, ಕಪ್ಪುಬಿಳುಪಿಗೆಂದೇ ಡ್ರೈವರಿನಲ್ಲಿ, ಅಂದರೆ ಕಂಪ್ಯೂಟರಿನಿಂದ ಪ್ರಿಂಟರನ್ನು ನಡೆಸುವ ತಂತ್ರಾಂಶದಲ್ಲಿ, ಪ್ರತ್ಯೇಕ ವಿಧಾನವೊಂದನ್ನು ಅಳವಡಿಸಿತು. ಮನೆಯ ಮೇಜಿನ ಮೇಲೆ ನಂಬಿಕೆಗೆ ಅರ್ಹವಾದ ಬೂದು ಮೂಡುವಂತಾದದ್ದು ಆಗಿನಿಂದ ಎಂದೇ ನನ್ನ ಅಭಿಪ್ರಾಯ.

ಡೈ ಶಾಯಿಯನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ಹೊಳಪಿನ ಕಾಗದದ ಮೇಲೆ ಅದು ಒಳಗೆ ಇಂಗುವುದರಿಂದ ಮೇಲ್ಮೈ ಒಂದೇ ಸಮನಾಗಿ ಹೊಳೆಯುತ್ತದೆ. ಆಲ್ಬಮ್ಮಿನೊಳಗಿಡುವ ಚಿತ್ರಕ್ಕೆ ಸಾಕು. ನಮ್ಮಲ್ಲಿ ಸಿಗುವ, ಬಾಟಲಿಯಿಂದ ಶಾಯಿ ತುಂಬುವ ಟ್ಯಾಂಕ್ ಪ್ರಿಂಟರುಗಳ ಪೈಕಿ ಎಪ್ಸನ್ ಎಲ್8050ರಲ್ಲಿ ಆರು ಬಣ್ಣಗಳಿದ್ದರೂ ಬೂದು ಇಲ್ಲ, ಎಲ್8180ರಲ್ಲಿ ಇದೆ. ಹಣ ಕಡಿಮೆ ಇದ್ದವರು ಕೊಳ್ಳುವ ಮೊದಲು ಇದೊಂದನ್ನು ಪರಿಶೀಲಿಸಿಕೊಂಡರೆ ಸಾಕು. ಗೋಡೆಗೆ ಹಾಕುವುದಕ್ಕೆ, ಮಾರುವುದಕ್ಕೆ, ಮಕ್ಕಳ ಕಾಲಕ್ಕೆ ಉಳಿಯಬೇಕಾದದ್ದಕ್ಕೆ ಮಾತ್ರ ಪಿಗ್ಮೆಂಟೇ ಆಗಬೇಕು.

ಪಿಗ್ಮೆಂಟ್ ಯಂತ್ರಗಳಲ್ಲಿ ನಾನು ಗಂಭೀರವಾಗಿ ತೂಗಿ ನೋಡಿದ್ದು ನಾಲ್ಕನ್ನು. 2020ರಲ್ಲಿ ಬಂದ ಎಪ್ಸನ್ ಪಿ700 ಮತ್ತು ಪಿ900 ಒಂದೇ ಶಾಯಿಯ ಬಳಗದವು; ಮೊದಲನೆಯದು 13 ಅಂಗುಲದವರೆಗೆ, ಎರಡನೆಯದು 17 ಅಂಗುಲದವರೆಗೆ ಅಗಲದ ಕಾಗದ ತೆಗೆದುಕೊಳ್ಳುತ್ತದೆ. ಎರಡರಲ್ಲೂ ಬೂದು ಮತ್ತು ತಿಳಿಬೂದು ಇವೆ. ಇವುಗಳ ದೊಡ್ಡ ಗುಣವೆಂದರೆ ಹೊಳಪು ಕಾಗದದ ಕಪ್ಪಿಗೂ ಮ್ಯಾಟ್ ಕಾಗದದ ಕಪ್ಪಿಗೂ ಬೇರೆ ಬೇರೆ ನಾಜಲ್ (ಶಾಯಿ ಚಿಮ್ಮುವ ಸಣ್ಣ ರಂಧ್ರ) ಸಾಲು ಇರುವುದು. ಹಿಂದಿನ ಪಿ800ರಲ್ಲಿ ಎರಡು ಕಪ್ಪುಗಳಿಗೂ ಒಂದೇ ಸಾಲು ಇದ್ದುದರಿಂದ ಕಾಗದ ಬದಲಿಸಿದಾಗಲೆಲ್ಲ ಕೊಳವೆಯಲ್ಲಿದ್ದ ಶಾಯಿ ಚೆಲ್ಲಿಹೋಗುತ್ತಿತ್ತು. ಹಳೆಯ ಯಂತ್ರ ಅಗ್ಗಕ್ಕೆ ಸಿಗುತ್ತದೆಂದು ಹೊರಡುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕ್ಯಾನನ್ ಕಡೆಯಲ್ಲಿ ಪ್ರೊ-300 13 ಅಂಗುಲದ್ದು, ಪ್ರೊ-1000 17 ಅಂಗುಲದ್ದು. ಹತ್ತು ಶಾಯಿಗಳ ಪ್ರೊ-300ರಲ್ಲಿ ಬೂದು ಒಂದೇ. ಹನ್ನೆರಡು ಶಾಯಿಗಳ ಪ್ರೊ-1000ರಲ್ಲಿ ಎರಡು. ಬಣ್ಣದ ಚಿತ್ರಗಳಿಗೆ ಈ ಅಂತರ ದೊಡ್ಡದಲ್ಲದಿರಬಹುದು, ಆದರೆ ಬೆಳಗಿನ ಮಂಜು, ಬೆಳ್ಳಿಮೋಡ, ಸುಣ್ಣದ ಗೋಡೆಗಳಂಥ ತಿಳಿ ಭಾಗಗಳಲ್ಲಿ ತಿಳಿಬೂದು ಶಾಯಿಯ ಲಾಭ ಕಣ್ಣಿಗೆ ಕಾಣುತ್ತದೆ. ಕ್ಯಾನನ್ನಿನ ಎರಡೂ ಯಂತ್ರಗಳಲ್ಲಿ ಬಣ್ಣವಿಲ್ಲದ ಒಂದು ಲೇಪವಿದೆ. ಹೊಳಪು ಕಾಗದದ ಮೇಲೆ ಶಾಯಿ ಬಿದ್ದ ಜಾಗಕ್ಕೂ ಬೀಳದ ಬಿಳಿ ಜಾಗಕ್ಕೂ ಹೊಳಪಿನಲ್ಲಿ ಕಾಣುವ ಅಂತರವನ್ನು ಅದು ಕಡಿಮೆ ಮಾಡುತ್ತದೆ. ಎಪ್ಸನ್ ಯಂತ್ರಗಳಲ್ಲಿ ಅಂಥ ಲೇಪವಿಲ್ಲ, ಬದಲಿಗೆ ಗಾಢ ಭಾಗಗಳ ಮೇಲೆ ಬೂದು ಶಾಯಿಯನ್ನು ಇನ್ನೊಮ್ಮೆ ಹರಡಿ ಕಪ್ಪನ್ನು ಆಳವಾಗಿಸುವ ವಿಧಾನವಿದೆ.

ಶಾಯಿಯ ಬೆಲೆಯನ್ನು ಕಾರ್ಟ್ರಿಜ್‌ಗೆ ಇಷ್ಟೆಂದು ನೋಡದೆ ಮಿಲಿಲೀಟರಿಗೆ ಇಷ್ಟೆಂದು ನೋಡಬೇಕು. ಪ್ರೊ-300ರ ಒಂದು ಕಾರ್ಟ್ರಿಜ್ 14.4 ಮಿಲಿಲೀಟರ್, ಪಿ700ರದು 25, ಪಿ900ರದು 50, ಪ್ರೊ-1000ರದು 80. ಯಂತ್ರ ಸಣ್ಣದಾದಷ್ಟೂ ಶಾಯಿ ದುಬಾರಿ ಎಂಬುದು ಹೆಚ್ಚುಕಡಿಮೆ ಎಲ್ಲ ಕಡೆಯೂ ನಿಜ.

ಆದರೂ ಯಂತ್ರಕ್ಕಿಂತ ಮೊದಲು ಕಾಗದವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಕಪ್ಪು ಎಷ್ಟು ಕಪ್ಪಾಗಿ ಕಾಣುತ್ತದೆ ಎಂಬುದನ್ನು ಶಾಯಿಗಿಂತ ಹೆಚ್ಚಾಗಿ ಕಾಗದವೇ ನಿರ್ಧರಿಸುತ್ತದೆ. ಒಳ್ಳೆಯ ಮ್ಯಾಟ್ ಕಾಗದದ ಮೇಲೆ ಅತಿ ಗಾಢ ಕಪ್ಪಿನ ಸಾಂದ್ರತೆ ಸುಮಾರು 1.6ರಷ್ಟಿರುತ್ತದೆ, ಅಂದರೆ ಬಿದ್ದ ಬೆಳಕಿನಲ್ಲಿ ಶೇಕಡಾ 2.5ರಷ್ಟು ಹಿಂದಕ್ಕೆ ಬರುತ್ತದೆ. ಬರೈಟಾ ಕಾಗದದ ಮೇಲೆ ಅದು 2.4ರ ಆಸುಪಾಸಿಗೆ ಹೋಗುತ್ತದೆ, ಹಿಂದಕ್ಕೆ ಬರುವ ಬೆಳಕು ಶೇಕಡಾ 0.4 ಮಾತ್ರ. ಬರೈಟಾ ಎಂದರೆ ಬೇರಿಯಂ ಸಲ್ಫೇಟಿನ ಪದರವುಳ್ಳ ಕಾಗದ. ಡಾರ್ಕ್‌ರೂಮಿನ ಫೈಬರ್ ಕಾಗದಗಳಲ್ಲಿ ಇದ್ದದ್ದೂ ಇದೇ ಪದರ. ಫಿಲ್ಮ್ ಕಾಲದ ಪ್ರತಿಗಳನ್ನು ಕಂಡು ಬೆಳೆದವರಿಗೆ ಕ್ಯಾನ್ಸನ್ ಬರೈಟಾ ಫೋಟೊಗ್ರಾಫಿಕ್ಕಿನಂಥ ಕಾಗದ ಕೈಗೆ ಬಂದಾಗ ಪರಿಚಯದ ಭಾವ ಮೂಡುತ್ತದೆ. ಪೂರ್ತಿ ಹತ್ತಿಯಿಂದ ಮಾಡಿದ ಹಾನೆಮ್ಯೂಲೆ ಫೋಟೋ ರಾಗ್‌ನಂಥ ಚದರ ಮೀಟರಿಗೆ 308 ಗ್ರಾಂ ತೂಗುವ ಮ್ಯಾಟ್ ಕಾಗದದ ದಾರಿಯೇ ಬೇರೆ: ಕಪ್ಪು ಅಷ್ಟು ಆಳವಾಗಿರದಿದ್ದರೂ ಪ್ರತಿಫಲನದ ಕಿರಿಕಿರಿ ಇಲ್ಲ, ನೆರಳುಗಳು ಮೆತ್ತಗೆ ತೆರೆದುಕೊಳ್ಳುತ್ತವೆ. ಹಂಪಿಯ ಬಂಡೆ ನನಗೆ ಮ್ಯಾಟ್ ಕಾಗದದಲ್ಲೇ ಚೆನ್ನಾಗಿ ಕಂಡಿತು. ಮಲೆನಾಡಿನ ಮಳೆಯ, ಒದ್ದೆ ರಸ್ತೆಯ ಚಿತ್ರಗಳಿಗೆ ಬರೈಟಾವೇ ಬೇಕೆನಿಸಿತು. ಎರಡೂ ಬಗೆಯ ಕಾಗದ ಬಳಸುವವನಿಗೆ ಕಪ್ಪು ಬದಲಿಸಬೇಕಿಲ್ಲದ ಯಂತ್ರ ಬೇಕೆಂಬುದು ಇಲ್ಲಿಂದ ತಾನಾಗಿಯೇ ಇತ್ಯರ್ಥವಾಗುತ್ತದೆ. ಕಣ್ಣು ಕೋರೈಸುವಷ್ಟು ಬೆಳ್ಳಗಿರುವ ಕಾಗದಗಳಲ್ಲಿ ಹೊಳಪು ಹೆಚ್ಚಿಸುವ ರಾಸಾಯನಿಕಗಳಿರುತ್ತವೆ. ಕಾಲಕ್ರಮೇಣ ಅವು ಶಕ್ತಿಗುಂದಿ ಕಾಗದ ಹಳದಿಯತ್ತ ತಿರುಗುವುದರಿಂದ, ಬಹುಕಾಲ ಇಡಬೇಕಾದ ಚಿತ್ರಕ್ಕೆ ಅವುಗಳನ್ನು ಬಳಸಬಾರದು.

ತಂತ್ರಾಂಶದ ವಿಷಯ ಇಲ್ಲಿ ದೀರ್ಘವಾಗಿ ಬೇಡ. ಆರಂಭಿಸುವವರಿಗೆ ತಯಾರಕರೇ ಕೊಡುವ ಕಪ್ಪುಬಿಳುಪು ವಿಧಾನ ಸಾಕು. ಇನ್ನೂ ಮುಂದೆ ಹೋಗಬೇಕೆನ್ನುವವರಿಗೆ ಯಾವ ಶಾಯಿ ಎಲ್ಲಿ ಎಷ್ಟು ಬೀಳಬೇಕೆಂದು ನಾವೇ ನಿರ್ಧರಿಸಬಹುದಾದ, ರಾಯ್ ಹ್ಯಾರಿಂಗ್ಟನ್ ರೂಪಿಸಿದ ಕ್ವಾಡ್‌ಟೋನ್ ರಿಪ್ ಎಂಬ ತಂತ್ರಾಂಶವಿದೆ. ಬಣ್ಣದ ಶಾಯಿಗಳನ್ನೆಲ್ಲ ತೆಗೆದು ಬೂದಿನ ಹಲವು ಸಾಂದ್ರತೆಗಳನ್ನೇ ತುಂಬುವ, ಅಮೆರಿಕದ ಜಾನ್ ಕೋನ್ ಅವರ ಪಿಯೆಜೋಗ್ರಫಿ ಪದ್ಧತಿಯೂ ಇದೆ. ಮುದ್ರಣ ಕಪ್ಪಾಗಿ ಬಂತೆಂದು ಯಂತ್ರವನ್ನು ದೂರುವ ಮೊದಲು ಮಾನಿಟರಿನ ಬೆಳಕನ್ನು ತಗ್ಗಿಸಿ ನೋಡಬೇಕು. ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಸಾಕಾಗುತ್ತದೆ.

ಯಂತ್ರ ಮನೆಗೆ ಬಂದ ಮೇಲೆ ಅದನ್ನು ಸುಮ್ಮನೆ ಕೂರಿಸುವುದು ಅತಿ ದೊಡ್ಡ ಅಪಾಯ. ಪಿಗ್ಮೆಂಟ್ ಶಾಯಿ ನಾಜಲ್‌ಗಳಲ್ಲಿ ಒಣಗಿ, ಅವುಗಳನ್ನು ಹೊತ್ತ ಮುದ್ರಣ ಹೆಡ್ ಕಟ್ಟಿಕೊಳ್ಳುತ್ತದೆ. ಬಯಲುಸೀಮೆಯ ಒಣ ಬೇಸಿಗೆಯಲ್ಲಿ ಇದು ಬೇಗ ಆಗುತ್ತದೆ; ಕರಾವಳಿಯಲ್ಲಿ ಹೆಡ್‌ಗೆ ಅಷ್ಟು ಭಯವಿಲ್ಲ, ಆದರೆ ಮಳೆಗಾಲದಲ್ಲಿ ಕಾಗದ ತೇವ ಹೀರಿ ಅಂಚು ಸುರುಳಿಯಾಗಿ ಹೆಡ್‌ಗೆ ತಾಗುತ್ತದೆ, ಆದ್ದರಿಂದ ಉಳಿದ ಹಾಳೆಗಳನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿಡಬೇಕು. ವಿದ್ಯುತ್ ತಾಗಿದಾಗ ಬಾಗುವ ಬಿಲ್ಲೆಯಿಂದ ಹನಿಯನ್ನು ತಳ್ಳುವ ಎಪ್ಸನ್ನಿನ ಪಿಯೆಜೋ ಹೆಡ್ಡನ್ನು ಬಳಕೆದಾರ ತಾನೇ ಬದಲಿಸಲಾಗದು. ಶಾಯಿಯನ್ನು ಕಾಯಿಸಿ ಹನಿ ಚಿಮ್ಮಿಸುವ ಕ್ಯಾನನ್ನಿನ ಉಷ್ಣ ಹೆಡ್ಡನ್ನು ಬದಲಿಸಬಹುದು, ಆದರೆ ಆ ಯಂತ್ರ ತನ್ನಷ್ಟಕ್ಕೆ ಹೆಡ್ ತೊಳೆದುಕೊಳ್ಳುವಾಗ ಶಾಯಿ ಖರ್ಚಾಗುತ್ತದೆ. ವಾರಕ್ಕೊಮ್ಮೆ ಸಣ್ಣದೊಂದು ಚಿತ್ರ ಮುದ್ರಿಸಿದರೆ ಎರಡಕ್ಕೂ ಕ್ಷೇಮ. ಯಂತ್ರವನ್ನು ಗೋಡೆಯ ಸ್ವಿಚ್ಚಿನಿಂದ ಆರಿಸದೆ ಅದರ ಗುಂಡಿಯಿಂದಲೇ ಆರಿಸಬೇಕು, ಆಗ ಮಾತ್ರ ಹೆಡ್ ತನ್ನ ಮುಚ್ಚಳದ ಕೆಳಗೆ ಹೋಗಿ ನಿಲ್ಲುತ್ತದೆ. ಕರೆಂಟ್ ಆಗಾಗ ಹೋಗುವ ಊರಿನಲ್ಲಿ ಯುಪಿಎಸ್ ಇಲ್ಲದೆ ಇಂಥ ಯಂತ್ರ ಇಡಬಾರದು.

ಅಳತೆಯ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದಲ್ಲಿ ಉದ್ದಕ್ಕೆ 6000, ಅಗಲಕ್ಕೆ 4000 ಬಿಂದುಗಳಿರುತ್ತವೆ; ಅಂಗುಲಕ್ಕೆ 360ರಂತೆ ಮುದ್ರಿಸಿದರೆ ಸುಮಾರು 16.7 × 11.1 ಅಂಗುಲ, ಅಂದರೆ ಹೆಚ್ಚುಕಡಿಮೆ ಎ3. ಇಷ್ಟೇ ಸಾಕೆನ್ನುವವರಿಗೆ ಪಿ700 ಒಪ್ಪುತ್ತದೆ. ನನಗೆ ಎ2 ಬೇಕಿತ್ತು, ಎರಡು ಬಗೆಯ ಕಾಗದವೂ ಬೇಕಿತ್ತು. ಪ್ರೊ-1000ರ ಬೂದು ಪಿ900ರ ಬೂದಿಗೆ ಯಾವ ರೀತಿಯಲ್ಲೂ ಕಡಿಮೆಯದಲ್ಲ, ಆದರೆ ಅದು ಸುಮಾರು 32 ಕಿಲೋ ತೂಗುತ್ತದೆ, ಅದರ ಅರ್ಧದಷ್ಟಿರುವ ಪಿ900ಗೆ ಬೇಕೆಂದಾಗ ಸುರುಳಿ ಕಾಗದದ ಘಟಕವನ್ನೂ ಜೋಡಿಸಬಹುದು. ಹೀಗೆ ಪಿ900 ಎಂದು ನಿರ್ಧರಿಸಿದೆ.

ವರ್ಷಕ್ಕೆ ಬೆರಳೆಣಿಕೆಯಷ್ಟು ಚಿತ್ರ ಮುದ್ರಿಸುವವರು ಯಾವ ಯಂತ್ರವನ್ನೂ ಕೊಳ್ಳದೆ ಒಳ್ಳೆಯ ಸ್ಟುಡಿಯೋಗೆ ಹೋಗುವುದೇ ಮೇಲು. ಹೋಗುವಾಗ ಬಿಳಿಯಿಂದ ಕಪ್ಪಿನವರೆಗೆ 21 ಮೆಟ್ಟಿಲುಗಳಿರುವ ಬೂದುಪಟ್ಟಿಯೊಂದನ್ನು ನಿಮ್ಮ ಚಿತ್ರದ ಅಂಚಿನಲ್ಲೇ ಸೇರಿಸಿಕೊಂಡು ಹೋಗಿ, ಯಾವ ಶಾಯಿ, ಯಾವ ಕಾಗದ, ಕಪ್ಪುಬಿಳುಪು ವಿಧಾನದಲ್ಲಿ ಮುದ್ರಿಸುತ್ತಾರೋ ಇಲ್ಲವೋ ಎಂಬುದನ್ನು ಕೇಳಿ, ಬಂದ ಪ್ರತಿಯನ್ನು ಒಂದು ದಿನ ಒಣಗಲು ಬಿಟ್ಟು, ಅದನ್ನು ತೂಗುಹಾಕಲಿರುವ ಕೋಣೆಯ ಬೆಳಕಿನಲ್ಲೇ ಪರೀಕ್ಷಿಸಿ. ಕಪ್ಪಿನ ಕಡೆಯ ಕೊನೆಯ ಮೂರು ಮೆಟ್ಟಿಲುಗಳು ಬೇರೆ ಬೇರೆಯಾಗಿ ಕಂಡು, ನಡುವಿನ ಮೆಟ್ಟಿಲುಗಳಲ್ಲಿ ಹಸಿರು, ಕೆಂಪು ಇಣುಕದಿದ್ದರೆ ಆ ಸ್ಟುಡಿಯೋಗೇ ಉಳಿದ ಚಿತ್ರಗಳನ್ನೂ ಕೊಡಬಹುದು.