ಸಂಕ್ರಾಂತಿ ಮುಗಿದ ಮೇಲೆ ಮೋಲೆಗೆ

ಅಪ್ಪ ಅಮ್ಮ ಮೈಸೂರಿನಿಂದ ಘಾನಾದ ರಾಜಧಾನಿ ಅಕ್ರಾಗೆ ನಮ್ಮ ಮನೆಗೆ ಬರುವುದು ಗಟ್ಟಿಯಾದ ಭಾನುವಾರ, ಅಪ್ಪ ಫೋನಿನಲ್ಲಿ ಮೊದಲು ಕೇಳಿದ್ದೇ ಇದು: "ಅಲ್ಲಿ ಸಿಂಹ ಕಾಣ್ಸುತ್ತೇನಮ್ಮಾ?"

ಕಾಣುವುದು ಕಷ್ಟ ಎಂದೇ ಹೇಳಿದೆ. ಪಶ್ಚಿಮ ಆಫ್ರಿಕಾದ ಸಿಂಹಗಳ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತದೆ. 2014ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಈ ಇಡೀ ಪ್ರದೇಶದಲ್ಲಿ ಉಳಿದಿದ್ದವು ಸುಮಾರು 400 ಮಾತ್ರ. ಅವುಗಳಲ್ಲಿ ಹೆಚ್ಚಿನವು ಬೆನಿನ್, ಬುರ್ಕಿನಾ ಫಾಸೊ, ನೈಜರ್ ಗಡಿಗಳು ಸೇರುವ ಕಾಡಿನಲ್ಲಿವೆ. ಬೆನಿನ್‌ನ ಪೆಂಜಾರಿ ಉದ್ಯಾನ ಅದರದೇ ಭಾಗ. ಇಲ್ಲಿಂದ ಟೋಗೊ ದಾಟಿದರೆ ಬೆನಿನ್. ಆದರೆ 2019ರ ಮೇ ತಿಂಗಳಲ್ಲಿ ಪೆಂಜಾರಿಗೆ ಬಂದಿದ್ದ ಇಬ್ಬರು ಫ್ರೆಂಚ್ ಪ್ರವಾಸಿಗರನ್ನು ಬಂದೂಕುಧಾರಿಗಳು ಅಪಹರಿಸಿದರು. ಅವರ ಜೊತೆಗಿದ್ದ ಸ್ಥಳೀಯ ಗೈಡ್‌ನನ್ನು ಕೊಂದರು. 2022ರಲ್ಲಿ ಹತ್ತಿರದ ಡಬ್ಲ್ಯೂ ಉದ್ಯಾನದಲ್ಲಿ ಗಸ್ತಿಗೆ ಹೋದ ಅರಣ್ಯ ರಕ್ಷಕರೇ ದಾಳಿಗೆ ಸಿಕ್ಕಿ ಸತ್ತರು. ಇದನ್ನೆಲ್ಲ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಗೈಡ್ ಮನೆಯವರು ಹೇಗಿದ್ದಾರೋ ಏನೋ" ಎಂದರು. ಸಿಂಹದ ಮಾತು ಮತ್ತೆ ಎತ್ತಲಿಲ್ಲ.

ನನ್ನ ಮನಸ್ಸಿನಲ್ಲಿ ಮೊದಲಿನಿಂದಲೂ ಇದ್ದದ್ದು ಘಾನಾದ ಉತ್ತರಕ್ಕಿರುವ ಮೋಲೆ. 1971ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ದೇಶದಲ್ಲಿ ಇದೇ ಅತಿ ದೊಡ್ಡದು, 4,500 ಚದರ ಕಿಲೋಮೀಟರಿಗೂ ಜಾಸ್ತಿ. ಆನೆ, ಕಾಬ್ ಮತ್ತು ವಾಟರ್‌ಬಕ್ ಎಂಬ ಜಿಂಕೆಗಳು, ಕಾಡುಹಂದಿ ಜಾತಿಯ ವಾರ್ಟ್‌ಹಾಗ್, ಬಬೂನ್, 300ಕ್ಕೂ ಹೆಚ್ಚು ಬಗೆಯ ಹಕ್ಕಿಗಳು. ಅಪ್ಪ ಹಕ್ಕಿ ನೋಡುವವರು. ಆ ಸಂಖ್ಯೆ ಕೇಳಿದ್ದೇ ದನಿ ಬದಲಾಯಿತು. ಅಮ್ಮ ಮಾತ್ರ ಹಿಂದಿನಿಂದ, "ಆನೆ ನೋಡೋಕೆ ಅಷ್ಟು ದೂರ ಹೋಗಬೇಕಾ? ಕಬಿನಿ ಇಲ್ವಾ?" ಎಂದರು.

ಹೋಗಬೇಕು ಅಂತ ನಾನು ವಾದ ಮಾಡಿದೆ. ನಾಗರಹೊಳೆಯಲ್ಲಿ ಸಫಾರಿ ಎಂದರೆ ಜೀಪು, ಬಸ್ಸು, ಇಲ್ಲವೇ ದೋಣಿ. ಕೆಳಗೆ ಇಳಿಯುವ ಹಾಗಿಲ್ಲ, ಇಳಿಯಲೂಬಾರದು. ಮೋಲೆಯಲ್ಲಿ ಬಂದೂಕು ಹಿಡಿದ ರೇಂಜರ್ ಮುಂದೆ ನಡೆಯುತ್ತಾರೆ, ನಾವು ಹಿಂದೆ. ಕಾಲಡಿಯ ಹುಲ್ಲು, ಲದ್ದಿ, ಹೆಜ್ಜೆ ಗುರುತು, ಗಾಳಿ ಯಾವ ಕಡೆಗೆ ಬೀಸುತ್ತಿದೆ ಅನ್ನುವುದು, ಎಲ್ಲವೂ ನಮ್ಮ ಲೆಕ್ಕಕ್ಕೆ ಬರುತ್ತದೆ. ಕಾಡನ್ನು ಜೀಪಿನ ಮೇಲಿಂದ ನೋಡುವುದಕ್ಕೂ ಅದರೊಳಗೆ ನಡೆಯುವುದಕ್ಕೂ ತುಂಬ ವ್ಯತ್ಯಾಸ ಇದೆ. ಇನ್ನೊಂದು, ಅಲ್ಲಿನ ಹೆಣ್ಣಾನೆಗೂ ದಂತ ಇರುತ್ತದೆ. "ಹೌದಾ!" ಎಂದರು ಅಮ್ಮ. ಅಲ್ಲಿಗೆ ಅರ್ಧ ಒಪ್ಪಿಗೆ ಸಿಕ್ಕಿತು.

ಉಳಿದರ್ಧಕ್ಕೆ ತಿಂಗಳಿನ ಜಗಳ. ಅಮ್ಮನಿಗೆ ಡಿಸೆಂಬರ್ ಆಗಬೇಕು, ಸಂಕ್ರಾಂತಿಗೆ ಮೈಸೂರಿನ ಮನೆಯಲ್ಲಿರಬೇಕು. ಉತ್ತರ ಘಾನಾದಲ್ಲಿ ಮಳೆಗಾಲ ಅಕ್ಟೋಬರ್ ಹೊತ್ತಿಗೆ ಮುಗಿಯುತ್ತದೆ. ಡಿಸೆಂಬರಿನಲ್ಲಿ ಹುಲ್ಲು ಇನ್ನೂ ಎತ್ತರವಿರುತ್ತದೆ, ಕಾಡೊಳಗೆ ಅಲ್ಲಲ್ಲಿ ನೀರೂ ಇರುತ್ತದೆ. ಆನೆ ಚದುರಿಹೋಗುತ್ತವೆ. ಅದರ ಮೇಲೆ ಸಹಾರಾದಿಂದ ಬೀಸುವ ಹರ್ಮಟಾನ್ ಗಾಳಿ. ದೂಳು ಮಂಜಿನಂತೆ ಕವಿದು, ಅಕ್ರಾದಿಂದ ಉತ್ತರದ ತಮಾಲೆ ನಗರಕ್ಕೆ ಹೋಗುವ ವಿಮಾನ ಕೆಲವೊಮ್ಮೆ ತಡವಾಗುತ್ತದೆ, ರದ್ದೂ ಆಗುತ್ತದೆ. ವಿಮಾನ ತಪ್ಪಿದರೆ ಬಸ್ಸೇ ಗತಿ, ಹೆಚ್ಚುಕಡಿಮೆ ಇಡೀ ದಿನದ ದಾರಿ. ಫೆಬ್ರವರಿ ಕೊನೆಗೆ ಬಂದರೆ ದೂಳು ತಿಳಿಯಾಗುತ್ತಾ ಬಂದಿರುತ್ತದೆ, ಒಳಗಿನ ನೀರು ಬತ್ತಿರುತ್ತದೆ, ಆನೆಗಳು ನಾವು ಉಳಿಯುವ ದಿಬ್ಬದ ಕೆಳಗಿನ ಹೊಂಡಗಳಿಗೆ ಬಂದೇ ಬರಬೇಕು. ಸೆಕೆ ಮಾತ್ರ ಜೋರು. ಕೊನೆಗೆ, ಸಂಕ್ರಾಂತಿ ಮುಗಿಸಿ ಹೊರಟು ಯುಗಾದಿಗೆ ಮುಂಚೆ ವಾಪಸ್ ಎಂದು ತೀರ್ಮಾನವಾಯಿತು.

ನನಗೆ ನಿಜವಾಗಿ ಚಿಂತೆ ಇದ್ದದ್ದು ಲಸಿಕೆಯದು. ಘಾನಾಕ್ಕೆ ಬರಲು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕೇ ಬೇಕು. ಭಾರತಕ್ಕೆ ಮರಳುವಾಗಲೂ ಕೇಳುತ್ತಾರೆ, ಇಲ್ಲದಿದ್ದರೆ ಕ್ವಾರಂಟೈನ್. ಲಸಿಕೆ ಹಾಕಿಸಿ ಹತ್ತು ದಿನ ಕಳೆದ ಮೇಲೆಯೇ ಪತ್ರಕ್ಕೆ ಬೆಲೆ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು. ಆದರೆ ಅಪ್ಪ ಅಮ್ಮ ಇಬ್ಬರೂ 60 ದಾಟಿದವರು. ಆ ವಯಸ್ಸಿನಲ್ಲಿ ಮೊದಲ ಸಲ ಹಾಕಿಸಿಕೊಳ್ಳುವವರಿಗೆ ಅಡ್ಡಪರಿಣಾಮದ ಅಪಾಯ ಸ್ವಲ್ಪ ಜಾಸ್ತಿ. ಅದಕ್ಕೇ, "ಮೊದಲು ನಮ್ಮ ಡಾಕ್ಟರ್ ಹತ್ತಿರ ಹೋಗಿ. ಅವರು ಬೇಡ ಅಂದರೆ ಪ್ರವಾಸವೂ ಬೇಡ, ನಾನೇ ಊರಿಗೆ ಬರ್ತೀನಿ" ಎಂದೆ. ಮಲೇರಿಯಾ ಮಾತ್ರೆಯನ್ನೂ ಅವರನ್ನೇ ಕೇಳಿ ಬರೆಸಿಕೊಳ್ಳಿ ಎಂದೆ. ವಾಪಸ್ ಹೋದ ಮೇಲೂ ಕೆಲವು ದಿನ ಅದನ್ನು ನುಂಗಬೇಕು. ಬಹಳ ಜನ ಊರು ಮುಟ್ಟಿದ ತಕ್ಷಣ ನಿಲ್ಲಿಸಿಬಿಡುತ್ತಾರೆ.

ಊಟದ ಬಗ್ಗೆ ಅಮ್ಮನಿಗಿಂತ ನಾನೇ ನಿಶ್ಚಿಂತೆಯಾಗಿದ್ದೆ. ಇಲ್ಲಿ ವಾಚೆ ಅಂತ ಸಿಗುತ್ತದೆ, ಅಲಸಂದೆ ಜೊತೆ ಬೇಯಿಸಿದ ಅನ್ನ. ಅದರ ಕಂದುಕೆಂಪು ಬಣ್ಣ ಬರುವುದು ಒಣಗಿದ ಜೋಳದ ಗರಿಯಿಂದ. ಶಿಟೊ ಚಟ್ನಿಯಲ್ಲಿ ಒಣಮೀನು ಇರುತ್ತದೆ, ಅದನ್ನೊಂದು ಬೇಡ ಅಂದರೆ ಆಯಿತು. ಉತ್ತರದ ಕಡೆ ಸಿಗುವ ತುವೊ ಜಾಫಿ ನಮ್ಮ ಮುದ್ದೆಯ ಹಾಗೇ ಇರುತ್ತದೆ. ಜೊತೆಗೆ ಕೊಡುವ ಸೊಪ್ಪಿನ ಸಾರಿನಲ್ಲಿ ಮಾಂಸ ಇದೆಯಾ ಅಂತ ಮೊದಲೇ ಕೇಳಬೇಕು.

ಡಾಕ್ಟರ್ ಇಬ್ಬರನ್ನೂ ಪರೀಕ್ಷೆ ಮಾಡಿ ಲಸಿಕೆಗೆ ಒಪ್ಪಿದ್ದಾರೆ. ತಮಾಲೆಯಿಂದ ಕಾರು ಹೇಳಿದ್ದೇನೆ. ದಾರಿಯಲ್ಲಿ ಲರಬಂಗಾದ ಹಳೆಯ ಮಣ್ಣಿನ ಮಸೀದಿಯನ್ನು ಹೊರಗಿನಿಂದ ನೋಡುವುದು. ಬೆಳಗಿನ ನಡಿಗೆಗೆ ಅಪ್ಪ ಮತ್ತು ನಾನು. ಅಮ್ಮನಿಗೆ ಮಂಡಿನೋವು, ಅಷ್ಟು ನಡೆಯಲಾರರು. ಅವರಿಗೆ ಸಂಜೆಯ ಜೀಪು. ಕೋಣೆಯನ್ನು ದಿಬ್ಬದ ಅಂಚಿನಲ್ಲೇ ಕೇಳಿ ಹಿಡಿದಿದ್ದೇನೆ. ನಾವಿಬ್ಬರೂ ಕಾಡೊಳಗಿರುವಾಗ ಅಮ್ಮ ಕುರ್ಚಿ ಹಾಕಿಕೊಂಡು ಕೂತರೆ, ನೀರಿಗೆ ಬರುವ ಆನೆ ಅವರಿಗೇ ಮೊದಲು ಕಾಣಬಹುದು.