ಏನೂ ಆಗಿಲ್ಲ ಎಂದು ಕೂಗುವವರ ನಡುವೆ

ನಮ್ಮ ಕೆಳಮನೆಯ ಹಿರಿಯರು ಟ್ರಾಮ್ ಓಡಿಸಿ ನಿವೃತ್ತರಾದವರು. ಫುಟ್‌ಬಾಲ್ ಮಾತೆತ್ತಿದರೆ ಸಾಕು, 'ಅದನ್ನು ಬಿಡಿ' ಎಂದು ಕೈ ಬೀಸುತ್ತಾರೆ. ಬಿಡಿ ಎಂದವರೇ ಮೆಟ್ಟಿಲ ಮೇಲೆ ಕಸದ ಚೀಲ ಹಿಡಿದುಕೊಂಡು ಮುಕ್ಕಾಲು ಗಂಟೆ ಅದನ್ನೇ ಮಾತಾಡುತ್ತಾರೆ. ಏಳು ವರ್ಷದ ಹಿಂದೆ ಪೋಲೆಂಡಿನ ಈ ವ್ರೊತ್ಸ್ವಾಫ್ ನಗರಕ್ಕೆ ಬಂದಾಗ ನನ್ನ ಪೋಲಿಷ್ ಪಾಠ ನಡೆದದ್ದು ಆ ಮೆಟ್ಟಿಲ ಮೇಲೆಯೇ. ಹಾಗಾಗಿ ಸೊಪ್ಪು, ತರಕಾರಿಗಳ ಹೆಸರಿಗಿಂತ ಮೊದಲು ನನಗೆ 'ನಾಚಿಕೆಗೇಡು' ಎಂಬ ಪದ ಬಂತು. ಅಭಿಮಾನಿಗಳು ಕೊರಳಿಗೆ ಸುತ್ತಿಕೊಳ್ಳುವ ಉಣ್ಣೆಯ ಪಟ್ಟಿಗೆ ಇವರು 'ಶಾಲಿಕ್' ಎನ್ನುತ್ತಾರೆ. ಅದು ನಮ್ಮ 'ಶಾಲು' ಪದವೇ ಎಂದು ತಿಳಿದ ದಿನ ಅರಸೀಕೆರೆಯಲ್ಲಿರುವ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ.

ಹಿರಿಯರು ಕಲಿಸಿದ ಮೊದಲ ಲೆಕ್ಕ ಇದು: ದೊಡ್ಡ ಟೂರ್ನಿಯಲ್ಲಿ ಪೋಲೆಂಡ್ ಆಡುವುದು ಮೂರೇ ಪಂದ್ಯ. ಒಂದು ಆರಂಭದ್ದು, ಇನ್ನೊಂದು ಅಳಿವು ಉಳಿವಿನದು, ಕೊನೆಯದು ಮಾನ ಕಾಯುವುದು. ತಮಾಷೆಯಲ್ಲ. 2002, 2006, 2018ರ ವಿಶ್ವಕಪ್‌ಗಳಲ್ಲಿ ಮೊದಲೆರಡನ್ನೂ ಸೋತು, ಗಂಟುಮೂಟೆ ಕಟ್ಟುವುದು ಖಚಿತವಾದ ಮೇಲೆ ಮೂರನೆಯದನ್ನು ಗೆದ್ದರು. ಸೋತಾಗ ಇಡೀ ಗ್ಯಾಲರಿ ಕೂಗುವ ಘೋಷವೊಂದಿದೆ: 'ಪೊಲಾತ್ಸಿ, ನಿತ್ಸ್ ಶೆ ನ್ಯೆ ಸ್ತಾವೊ.' ಪೋಲೆಂಡಿನವರೇ, ಏನೂ ಆಗಿಲ್ಲ! ಅದರಲ್ಲಿ ಸಮಾಧಾನ ಎಷ್ಟು, ಕುಹಕ ಎಷ್ಟು ಎಂದು ಅವರಿಗೇ ಗೊತ್ತಿದ್ದಂತಿಲ್ಲ. ಹದಿನೇಳು ವರ್ಷ 'ಈ ಸಲ ಕಪ್ ನಮ್ದೇ' ಎಂದುಕೊಂಡು ಬಂದ ನಮಗೆ ಇದೇನು ಹೊಸ ರೋಗವಲ್ಲ.

ಇಷ್ಟು ಗೋಳಿಗೆ ಕಾರಣ ಹಳೆಯ ವೈಭವ. 1974ರಲ್ಲಿ ಪೋಲೆಂಡ್ ವಿಶ್ವಕಪ್‌ನಲ್ಲಿ ಮೂರನೆಯ ಸ್ಥಾನ ಪಡೆಯಿತು. ಗ್ಜೆಗೋಶ್ ಲಾತೊ ಏಳು ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದರು. 1982ರಲ್ಲಿ ಮತ್ತೆ ಮೂರನೆಯ ಸ್ಥಾನ. ಆಮೇಲೆ ಅಂಥದ್ದು ಕೈಗೂಡಿಲ್ಲ. ಗೋಲು ಹೊಡೆಯುವುದರಲ್ಲಿ ಜಗತ್ತಿಗೇ ಹೆಸರಾದ ಲೆವಾಂಡೊವ್ಸ್ಕಿಯಂಥ ಆಟಗಾರನಿದ್ದೂ ಏನಾಯಿತು ಎಂಬುದು ಹಿರಿಯರ ಮುಗಿಯದ ಪ್ರಶ್ನೆ.

ನಾನು ಆಶಾವಾದಿಯಾದದ್ದು 2025ರ ಮೇ ತಿಂಗಳಲ್ಲಿ. ಅದೂ ವಿಚಿತ್ರ ರೀತಿಯಲ್ಲಿ. ಆ ಏಪ್ರಿಲ್‌ನಲ್ಲಿ ಎರಡು ಪೋಲಿಷ್ ಕ್ಲಬ್‌ಗಳು, ವಾರ್ಸಾದ ಲೆಗಿಯಾ ಮತ್ತು ಬ್ಯಾವಿಸ್ಟೋಕ್‌ನ ಯಾಗೆಲೋನ್ಯಾ, ಯುರೋಪಿನ ಕ್ಲಬ್‌ಗಳ ಮೂರನೆಯ ದರ್ಜೆಯ ಟೂರ್ನಿಯಾದ ಕಾನ್ಫರೆನ್ಸ್ ಲೀಗ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿದ್ದವು. ಲೆಗಿಯಾ ತನ್ನೂರಿನಲ್ಲಿ ಚೆಲ್ಸಿಗೆ 0-3ರಿಂದ ಸೋತು, ಲಂಡನ್ನಿಗೆ ಹೋಗಿ ಅವರ ಮನೆಯಲ್ಲೇ 2-1ರಿಂದ ಗೆದ್ದು ಬಂತು. ಎರಡು ಪಂದ್ಯಗಳ ಒಟ್ಟು ಗೋಲು ಲೆಕ್ಕದಲ್ಲಿ ಹೊರಬಿತ್ತು ನಿಜ. ಯಾಗೆಲೋನ್ಯಾವನ್ನು ಸ್ಪೇನಿನ ಬೆಟಿಸ್ ಹೊರಗೆ ಕಳಿಸಿತು. ಇವರನ್ನು ಸೋಲಿಸಿದ ಆ ಎರಡು ತಂಡಗಳೇ ಫೈನಲ್‌ಗೆ ಬಂದವು, ಫೈನಲ್ ನಡೆದದ್ದು ನಮ್ಮ ವ್ರೊತ್ಸ್ವಾಫ್‌ನಲ್ಲಿ! ಮೇ 28ರ ಸಂಜೆ ಟ್ರಾಮ್ ತುಂಬ ನೀಲಿ ಅಂಗಿಯವರು, ಹಸಿರು ಅಂಗಿಯವರು. ನಮ್ಮೂರಿನ ಶ್ಲೋನ್ಸ್ಕ್ ಕ್ಲಬ್ 2024ರಲ್ಲಿ ಲೀಗ್‌ನಲ್ಲಿ ಎರಡನೆಯ ಸ್ಥಾನದಲ್ಲಿದ್ದು, 2025ರಲ್ಲಿ ಕೆಳಗಿನ ದರ್ಜೆಗೆ ಜಾರಿತ್ತು. 'ನಮ್ಮ ಮನೆಯಲ್ಲಿ ಮದುವೆ, ನಮಗೇ ಊಟವಿಲ್ಲ' ಎಂಬರ್ಥದ ಮಾತನ್ನು ಹಿರಿಯರು ಹೇಳಿದರು. ಆದರೆ ಟಿವಿಯಲ್ಲಿ ಬೆಟಿಸ್ ಮೊದಲ ಗೋಲು ಹೊಡೆದಾಗ ಅವರು ಸೂರ್ಯಕಾಂತಿ ಬೀಜ ಬಿಡಿಸುವುದನ್ನು ನಿಲ್ಲಿಸಿ, 'ಇವರ ಜೊತೆ ನಮ್ಮವರು ಬ್ಯಾವಿಸ್ಟೋಕ್‌ನಲ್ಲಿ ಡ್ರಾ ಮಾಡಿಕೊಂಡಿದ್ದರು' ಎಂದರು. ದನಿಯಲ್ಲಿ ಗೋಳು ಇರಲಿಲ್ಲ. ಚೆಲ್ಸಿ ಕೊನೆಗೆ 4-1ರಿಂದ ಗೆದ್ದಿತು. ಅದು ಬೇರೆ ಮಾತು.

ಬ್ಯಾವಿಸ್ಟೋಕ್ ದೇಶದ ಈಶಾನ್ಯ ಮೂಲೆಯ ಊರು. ಹಣದ ಹೊಳೆ ಹರಿಯುವ ಜಾಗವಲ್ಲ. ಅಲ್ಲಿನ ಕ್ಲಬ್ 2024ರಲ್ಲಿ ಮೊದಲ ಬಾರಿ ದೇಶದ ಚಾಂಪಿಯನ್ ಆಯಿತು. ತರಬೇತುದಾರ ಆದ್ರಿಯಾನ್ ಶೆಮ್ಯೆನ್ಯೆತ್ಸ್‌ಗೆ ಆಗ ಮೂವತ್ತೆರಡು ವರ್ಷ. ಅದರ ಹಿಂದಿನ ವರ್ಷ ಚಾಂಪಿಯನ್ ಆದ ಚೆನ್ಸ್ತೊಹೊವಾದ ರಾಕುಫ್‌ಗೂ ಅದು ಮೊದಲ ಪಟ್ಟವೇ. 2025ರ ಶರತ್ಕಾಲದಲ್ಲಿ ಲೆಗಿಯಾ, ಪೊಜ್ನಾನ್‌ನ ಲೆಹ್, ಯಾಗೆಲೋನ್ಯಾ, ರಾಕುಫ್ ನಾಲ್ಕೂ ಕಾನ್ಫರೆನ್ಸ್ ಲೀಗ್‌ನ ಮುಖ್ಯ ಹಂತದಲ್ಲಿದ್ದವು. ರಾಷ್ಟ್ರೀಯ ತಂಡದ ಸುದ್ದಿಯನ್ನೇ ನೋಡುವ ದೂರದವರಿಗೆ ಇದು ಕಾಣುವುದಿಲ್ಲ.

ಆ ತಂಡದ ಕಥೆ ಕೇಳಬೇಡಿ. 2025ರ ಜೂನ್‌ನಲ್ಲಿ ನಾಯಕತ್ವದ ಜಗಳ, ಫಿನ್ಲೆಂಡ್ ಎದುರು ಸೋಲು, ತರಬೇತುದಾರರ ರಾಜೀನಾಮೆ, ಎಲ್ಲವೂ ಒಂದೇ ವಾರದಲ್ಲಿ. ಹೊಸ ತರಬೇತುದಾರ ಯಾನ್ ಉರ್ಬಾನ್ ಬಂದ ಮೇಲೆ ನೆದರ್ಲೆಂಡ್ಸ್ ಜೊತೆ ಅಲ್ಲಿಯೂ ಇಲ್ಲಿಯೂ 1-1. ನಾನು ಖುಷಿಯಿಂದ ಹೇಳಿದರೆ ಹಿರಿಯರು, 'ಎರಡು ಡ್ರಾ! ಮೆರವಣಿಗೆ ಮಾಡೋಣವೇ?' ಎಂದರು.

ನನ್ನ ಭರವಸೆ ಇರುವುದು ನಮ್ಮ ಕಟ್ಟಡದ ಹಿಂದಿನ 'ಓರ್ಲಿಕ್'ನಲ್ಲಿ. 2012ರ ಯುರೋ ಟೂರ್ನಿಯನ್ನು ಉಕ್ರೇನ್ ಜೊತೆ ನಡೆಸಿದಾಗ ದೊಡ್ಡ ಕ್ರೀಡಾಂಗಣಗಳ ಜೊತೆಗೆ ಸರ್ಕಾರ ಊರೂರಿಗೆ ಇಂಥ ಸಣ್ಣ ಮೈದಾನಗಳನ್ನು ಕಟ್ಟಿಸಿತು. ದೇಶದಲ್ಲಿ 2,600ಕ್ಕೂ ಹೆಚ್ಚು. ಕೃತಕ ಹುಲ್ಲು, ಎತ್ತರದ ಬಲೆಬೇಲಿ, ದೀಪದ ಕಂಬ. ಆ ಟೂರ್ನಿಯಲ್ಲಿ ಪೋಲೆಂಡ್ ಗುಂಪಿನ ಕೊನೆಯ ಸ್ಥಾನ ಪಡೆಯಿತು, ಕೊನೆಯ ಪಂದ್ಯ ಸೋತದ್ದು ನಮ್ಮೂರಿನಲ್ಲೇ. ಕಪ್ ಬರಲಿಲ್ಲ, ಮೈದಾನಗಳು ಉಳಿದವು. ಅಕ್ಟೋಬರ್ ಸಂಜೆ ಬೇಗ ಕತ್ತಲಾದರೂ ದೀಪದ ಕೆಳಗೆ ಮಕ್ಕಳು ಆಡುತ್ತಲೇ ಇರುತ್ತಾರೆ. ಹೀಗೆ ಬೆಳೆದವರಲ್ಲಿ ಚುರುಕಾದವರನ್ನು ಹದಿನೆಂಟರೊಳಗೆ ಹೊರದೇಶದ ಕ್ಲಬ್‌ಗಳು ಕೊಂಡುಕೊಂಡು ಹೋಗುತ್ತವೆ ಎಂಬ ಕೊರಗು ಇಲ್ಲಿ ಇದ್ದೇ ಇದೆ, ಅದು ಸುಳ್ಳೂ ಅಲ್ಲ.

ಹಿರಿಯರ ಮೊಮ್ಮಗಳಿಗೆ ಒಂಬತ್ತು ವರ್ಷ. ಅವಳ ಅಂಗಿಯ ಬೆನ್ನ ಮೇಲಿರುವುದು ಲೆವಾಂಡೊವ್ಸ್ಕಿಯ ಹೆಸರಲ್ಲ, ಎವಾ ಪಾಯೊರ್‌ಳದು. ಬಾರ್ಸಿಲೋನಾಕ್ಕೆ ಆಡುವ ಪಾಯೊರ್‌ಳ ಬಲದಿಂದ ಪೋಲೆಂಡಿನ ಮಹಿಳೆಯರು 2025ರಲ್ಲಿ ಮೊದಲ ಸಲ ಯುರೋ ಟೂರ್ನಿಗೆ ಹೋದರು. ಜರ್ಮನಿ, ಸ್ವೀಡನ್ ಎದುರು ಸೋತು, ಡೆನ್ಮಾರ್ಕ್ ಮೇಲೆ 3-2ರಿಂದ ಗೆದ್ದರು. 'ಮತ್ತೆ ಅದೇ, ಮಾನ ಕಾಯುವ ಪಂದ್ಯ' ಎಂದು ಅಜ್ಜ ಗೊಣಗಿದರೆ ಅವಳಿಗೆ ಅರ್ಥವಾಗುವುದೇ ಇಲ್ಲ. ಅವಳ ಪಾಲಿಗೆ ಅದು ಮೊದಲ ಗೆಲುವು.

ಹೋದ ವಾರ ಗೋಲ್‌ಕೀಪರ್ ಬರಲಿಲ್ಲವೆಂದು ಮಕ್ಕಳು ನನ್ನನ್ನೇ ನಿಲ್ಲಿಸಿದರು. ಅರ್ಧ ಗಂಟೆಯಲ್ಲಿ ಆರು ಗೋಲು ಬಿಟ್ಟೆ. 'ಇವರ ದೇಶದಲ್ಲಿ ಗೋಲ್‌ಕೀಪರ್‌ಗಳೇ ಇಲ್ಲವೇ?' ಎಂದು ಅವಳು ಬೇಲಿಯಾಚೆ ಕೂತಿದ್ದ ಅಜ್ಜನನ್ನು ಕೇಳಿದಳು. ಅಲ್ಲಿ ಎಲ್ಲರೂ ಆಡುವುದು ಚೆಂಡನ್ನು ಕೈಯಲ್ಲಿ ಹಿಡಿಯುವ ಬೇರೆ ಆಟ ಎಂದು ಅವರು ನನ್ನ ಪರ ವಾದಿಸಿದರು.

'ಹಾಗಿದ್ದರೆ ಇನ್ನೂ ಚೆನ್ನಾಗಿ ಹಿಡಿಯಬೇಕಿತ್ತು' ಎಂದಳು.